ಅಜ್ಜಾರ ಹುಲ್ಲು ಕೊಯ್ಯುವ ಮಷೀನು

ಅಜ್ಜಾರು ಆ ಮಷೀನಿಗೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚುತ್ತಿದ್ದರು. ಪೆಟ್ರೋಲಿನಲ್ಲಿ ಬೆರೆಸಬೇಕಾದ ಎಣ್ಣೆಯನ್ನು ಹತ್ತಿಬಟ್ಟೆಗೆ ಸುರಿದುಕೊಂಡು ಉದ್ದನೆಯ ಕೊಳವೆಗೆ, ಹಿಡಿಕೆಗೆ, ಕೆಂಪು ಟ್ಯಾಂಕಿಗೆ ಸವರಿ ಒರೆಸುತ್ತಿದ್ದರು. ಹೀಗಾಗಿ ಅದು ಹೊರಗೆ ಹೊಸದರಂತೆ ಮಿಂಚುತ್ತಿತ್ತು, ಒಳಗೆ ಒಣಗಿ ಸವೆಯುತ್ತಿತ್ತು. ನಾನು ಅದನ್ನು ಮೊದಲ ಸಲ ನೋಡುವ ಹೊತ್ತಿಗೆ ಅದು ನಿಂತುಹೋಗಿ ನಾಲ್ಕು ದಿನವಾಗಿತ್ತು.

ನಾನು ಬ್ಯಾಂಕಿನವಳು. ವಾರಾಣಸಿಗೆ ವರ್ಗವಾದಾಗ ಮಗಳು ಹತ್ತನೆಯ ತರಗತಿಯಲ್ಲಿದ್ದಳು, ಆದ್ದರಿಂದ ಅವಳೂ ಅವಳಪ್ಪನೂ ಹುಬ್ಬಳ್ಳಿಯಲ್ಲೇ ಉಳಿದರು. ನಾನು ಅಲ್ಲಿನ ಲಂಕಾ ಎಂಬ ಬಡಾವಣೆಯಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ಕೋಣೆ ಹಿಡಿದೆ. ವಾರವಿಡೀ ಕೆಳಗಿನಿಂದ ಮೈಕಿನಲ್ಲಿ ರಸಾಯನಶಾಸ್ತ್ರದ ಪಾಠ ಕೇಳಿಸುತ್ತಿತ್ತು. ಭಾನುವಾರ ಅದೂ ಇರುತ್ತಿರಲಿಲ್ಲ. ಬಾಯ್ತುಂಬ ಕನ್ನಡ ಮಾತಾಡಿ ವಾರವಾಯಿತಲ್ಲ ಅನ್ನಿಸಿದಾಗ ಊರೊಳಗಿನ ನಮ್ಮ ಕಡೆಯ ಮಠಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿ ಅಜ್ಜಾರ ಪರಿಚಯವಾಯಿತು.

ಅವರು ಮಠದ ಮುಖ್ಯ ಸ್ವಾಮಿಗಳಲ್ಲ. ವಿಜಯಪುರದ ಕಡೆಯಿಂದ ಹದಿನಾರನೇ ವಯಸ್ಸಿಗೆ ಬಂದು ಇಲ್ಲಿಯೇ ಎಪ್ಪತ್ತರ ಹತ್ತಿರ ಬಂದವರು. ಅವರಿಗೆ ಎರಡು ಕೆಲಸಗಳಿದ್ದವು. ಕರ್ನಾಟಕದಿಂದ ಅಂತ್ಯಕ್ರಿಯೆಗೆಂದು ಬರುವ ಮನೆಯವರ ಜೊತೆ ಮಣಿಕರ್ಣಿಕಾ ಘಾಟಿಗೆ ಹೋಗಿ, ಭಾಷೆ ಬಾರದವರ ಪರವಾಗಿ ಮಾತಾಡಿ, ಎಲ್ಲ ಮುಗಿಯುವವರೆಗೆ ಜೊತೆಗೆ ನಿಲ್ಲುವುದು ಒಂದು. ಸಾರನಾಥದ ಆಚೆ ಮಠಕ್ಕೆ ಸೇರಿದ ತೋಟವನ್ನು ನೋಡಿಕೊಳ್ಳುವುದು ಇನ್ನೊಂದು. ತೋಟವೆಂದರೆ ನಲವತ್ತು ಬಿಲ್ವದ ಗಿಡ, ಕಣಗಿಲ, ತುಂಬೆ, ಒಂದು ಬಾವಿ, ಎರಡು ಕೋಣೆ. ಅಲ್ಲಿಂದ ದಿನಾ ಪೂಜೆಗೆ ಪತ್ರೆ, ಹೂವು ಆಟೊದಲ್ಲಿ ಊರೊಳಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಆ ತೋಟದಲ್ಲಿ ಹುಲ್ಲು ಮೊಣಕಾಲು ಮುಚ್ಚುವಷ್ಟು ಬೆಳೆಯುತ್ತಿತ್ತು. ಹಾವಿನ ಭಯಕ್ಕೆ ಪತ್ರೆ ಕೊಯ್ಯಲು ಯಾರೂ ಬರುವುದಿಲ್ಲ ಎಂದು ಯಾರೋ ಭಕ್ತರು ಈ ಪೆಟ್ರೋಲ್ ಮಷೀನನ್ನು ಕೊಡಿಸಿದ್ದರು.

ಒಂದು ದಿನ ಮಾತಿನ ನಡುವೆ ನಮ್ಮಪ್ಪನಿಗೆ ರಾಣೆಬೆನ್ನೂರಿನಲ್ಲಿ ಸ್ಕೂಟರ್ ಗ್ಯಾರೇಜಿದೆ, ನಾನು ಶಾಲೆ ಬಿಟ್ಟ ಮೇಲೆ ಅಲ್ಲೇ ಬೆಳೆದವಳು ಎಂದು ಹೇಳಿದ್ದೆ. ಅಜ್ಜಾರು ಅದನ್ನು ನೆನಪಿಟ್ಟುಕೊಂಡಿದ್ದರು. ಶ್ರಾವಣದ ಒಂದು ಭಾನುವಾರ ನನ್ನನ್ನು ತೋಟಕ್ಕೆ ಕರೆಸಿದರು. ಲಂಕಾದಿಂದ ಎರಡು ಆಟೊ ಬದಲಿಸಿ ಹೋದೆ. ಮಷೀನನ್ನು ಕೋಣೆಯೊಳಗಿಂದ ತಾವೇ ಎತ್ತಿಕೊಂಡು ಬಂದು ಚಾಪೆಯ ಮೇಲೆ ಮಲಗಿಸಿದರು.

"ತಂಗಿ, ಇದು ಯಾಕೋ ಮಾತು ಬಿಟ್ಟದ. ಸ್ವಲ್ಪ ನೋಡು."

ಹಗ್ಗ ಎಳೆದು ನೋಡಿದೆ. ಕಲ್ಲುಕಂಬಕ್ಕೆ ಕಟ್ಟಿದ ಹಗ್ಗ ಎಳೆದ ಹಾಗಾಯಿತು. ಒಂದಿಂಚೂ ಬರಲಿಲ್ಲ.

"ಅಜ್ಜಾರ, ಇದಕ್ಕ ಎಣ್ಣಿ ಹಾಕಿದ್ರೇನ್ರಿ?"

"ದಿನಾ ಹಾಕ್ತೀನಿ. ಡಬ್ಬಿ ನೋಡು, ಅರ್ಧ ಆಗ್ಯಾದ."

"ಎಲ್ಲಿ ಹಾಕ್ತೀರಿ?"

"ಎಲ್ಲಾ ಕಡೆ," ಎಂದು ಹೇಳಿ, ಹೇಗೆ ಹಚ್ಚುತ್ತಾರೆಂದು ಬಟ್ಟೆ ತಂದು ತೋರಿಸಿದರು.

ನನಗೆ ನಗು ಬಂತು, ಆದರೆ ನಗಲಿಲ್ಲ. ಇಂಥ ಎಂಜಿನ್‌ಗೆ ಬೇರೆ ಎಣ್ಣೆಯ ಟ್ಯಾಂಕ್ ಇರುವುದಿಲ್ಲ, ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಕೊಡಬೇಕು, ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಂಡುಬಿಡುತ್ತದೆ ಎಂದು ಬಿಡಿಸಿ ಹೇಳಿದೆ. ಅಜ್ಜಾರು ಕೇಳಿಸಿಕೊಂಡು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ಹಂಗಾದ್ರ ನಾನೇ ಕೊಂದೆ ಅನ್ನು."

"ಕೊಂದಿಲ್ರಿ. ಉಸಿರು ಕಟ್ಟೇತಿ ಅಷ್ಟ. ನೋಡೂಣು."

ಅಲ್ಲಿಂದಲೇ ಅಪ್ಪನಿಗೆ ಫೋನು ಹಚ್ಚಿದೆ. ಅವನು ಗ್ಯಾರೇಜಿನಲ್ಲೇ ಇದ್ದ, ಹಿಂದೆ ಯಾವುದೋ ಗಾಡಿ ಗುಡುಗುತ್ತಿತ್ತು. ವಿಷಯ ಹೇಳಿದೆ.

"ಪ್ಲಗ್ ತಗದು ಎರಡು ಚಮಚ ಡೀಸೆಲ್ ಬಿಡು," ಎಂದ ಅಪ್ಪ. "ಒಂದ್ ವಾರ ಮುಟ್ಟಬ್ಯಾಡ. ಅವಸರ ಮಾಡಿ ಎಳದೆ ಅಂದ್ರ ರಿಂಗ್ ಮುರೀತಾವ. ಆಮ್ಯಾಲೆ ಕೈಲೇ ಸಣ್ಣಗ ಆಕಡೆ ಈಕಡೆ ಆಡಿಸು. ಬಂದ್ರ ಬಂತು."

ಆ ವಾರವಿಡೀ ಅಜ್ಜಾರು ದಿನಕ್ಕೊಮ್ಮೆ ನನ್ನ ಬ್ಯಾಂಕಿಗೆ ಫೋನು ಮಾಡಿದರು. ಮುಟ್ಟಿಲ್ಲ ಎಂದು ಹೇಳಲು. "ಇವತ್ತೂ ಮುಟ್ಟಿಲ್ಲ ತಂಗಿ," ಎಂದು ಹೇಳಿ ಇಟ್ಟುಬಿಡುತ್ತಿದ್ದರು.

ಮುಂದಿನ ಭಾನುವಾರ ಬೇವಿನ ಮರದ ಕೆಳಗೆ ಕೂತು ಮೆಲ್ಲಗೆ ಆಡಿಸಿದೆವು. ಅರ್ಧ ಗಂಟೆಯ ಮೇಲೆ ಒಳಗೆ ಏನೋ ಸಡಿಲಾದಂತಾಗಿ ಪಿಸ್ಟನ್ ಒಂದು ಬೆರಳಿನಷ್ಟು ಜರುಗಿತು. ಪೂರ್ತಿ ಬಿಚ್ಚಿದೆ. ಒಂದೊಂದು ಭಾಗ ಹೊರಬಂದಂತೆ ಅಜ್ಜಾರು ಅದನ್ನು ಒಂದೊಂದು ದೊನ್ನೆಯಲ್ಲಿಟ್ಟು, ದೊನ್ನೆಯ ಮುಂದೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಕನ್ನಡದ ಅಂಕಿ ಬರೆದರು. ಸಣ್ಣ ಸ್ಕ್ರೂಗಳಿಗೂ ಅಂಕಿ ಬಂತು. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳಿದ್ದವು. ಅಜ್ಜಾರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಸಿಲಿಂಡರಿನ ಗೀರುಗಳನ್ನು ನಯವಾದ ಮರಳುಕಾಗದದಿಂದ ತಿಕ್ಕಿದೆ. ಪಿಸ್ಟನ್, ರಿಂಗು ಹೊಸದೇ ಬೇಕಿತ್ತು. ಲಂಕಾದ ಹಿಂದಿನ ಓಣಿಯಲ್ಲಿ ಹಳೆ ಸ್ಕೂಟರ್ ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯಿದ್ದ. ಮೊದಲು ಅವನು, "ಫೇಂಕ್ ದೀಜಿಯೇ ಮೈಡಮ್, ನಯಾ ಲೇ ಲೀಜಿಯೇ," ಅಂದ. ಎಸೆದು ಹೊಸದು ಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿದಾಗ ಕಾನ್ಪುರದಿಂದ ತರಿಸಿಕೊಟ್ಟ. ಎಲ್ಲ ಸೇರಿಸಿ, ಪೆಟ್ರೋಲಿಗೆ ಅಳತೆ ಮಾಡಿ ಎಣ್ಣೆ ಬೆರೆಸಿ, ಏಳೋ ಎಂಟೋ ಸಲ ಹಗ್ಗ ಎಳೆದ ಮೇಲೆ ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಹಿಡಿಯಿತು. ಅಜ್ಜಾರು ಎದ್ದು ನಿಂತು, "ಬಂತು," ಎಂದರು. ಅಷ್ಟೇ. ಆಮೇಲೆ ಒಳಗೆ ಹೋಗಿ ಕೋಣೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಬರೆದರು: "ಲೀಟರಿಗೆ ಕೆಮ್ಮಿನ ಔಷಧದ ಮುಚ್ಚಳ ಎರಡೂವರೆ. ಒಳಗ."

ತಪ್ಪು ತಿದ್ದಿಕೊಂಡ ಹುಮ್ಮಸ್ಸಿನಲ್ಲಿ ಅಜ್ಜಾರು ಆ ವಾರ ಇಡೀ ತೋಟವನ್ನು ಬೋಳಿಸಿಬಿಟ್ಟರು. ಹುಲ್ಲಿನ ಒಂದು ಎಸಳೂ ಉಳಿಯಲಿಲ್ಲ. ಅಲ್ಲಿಂದ ಎರಡನೇ ತಾಪತ್ರಯ ಶುರುವಾಯಿತು.

ತೋಟದ ಬೇಲಿಗೆ ಹತ್ತಿಕೊಂಡೇ ಒಂದು ಸಣ್ಣ ಹಳ್ಳಿ. ಅಲ್ಲಿಂದ ಐವತ್ತು ದಾಟಿದ ಒಬ್ಬ ಹೆಂಗಸು ಹನ್ನೆರಡು ವರ್ಷದಿಂದ ದಿನಾ ಕುಡುಗೋಲು ಹಿಡಿದು ಬಂದು ತನ್ನ ಎರಡು ಎಮ್ಮೆಗಳಿಗೆ ಇಲ್ಲಿಯೇ ಹುಲ್ಲು ಕೊಯ್ಯುತ್ತಿದ್ದರು. ಅದಕ್ಕೆ ಬದಲಾಗಿ ಮಠದ ಪೂಜೆಗೆ ಒಂದು ತಂಬಿಗೆ ಹಾಲು. ಇದು ಯಾರೂ ಬಾಯಿಬಿಟ್ಟು ಮಾಡಿಕೊಂಡ ಒಪ್ಪಂದವಲ್ಲ, ಹಾಗೇ ನಡೆದುಬಂದದ್ದು. ಸುತ್ತಲಿನವರೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಚಾಚಿ ಆಡುತ್ತಿದ್ದುದು ಭೋಜಪುರಿ. ಮೊದಮೊದಲು ನನಗೆ ಅರ್ಧ ತಿಳಿಯುತ್ತಿತ್ತು, ಆಮೇಲೆ ಪೂರ್ತಿ ತಿಳಿಯಿತು. ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಅವತ್ತು ನಾನು ಅಲ್ಲೇ ಇದ್ದೆ. ಚಾಚಿ ಬಂದು ಬೇಲಿಯ ಬಳಿ ನಿಂತು ತೋಟವನ್ನು ಒಮ್ಮೆ ನೋಡಿದರು. ನೆಲದಿಂದ ಒಂದು ಹಿಡಿ ಹುಲ್ಲು ಎತ್ತಿದರು. ಮಷೀನಿನ ತುದಿಯಲ್ಲಿ ಗಿರ್ರನೆ ತಿರುಗುವ ನೈಲಾನ್ ದಾರಕ್ಕೆ ಸಿಕ್ಕಿ ಅದು ಚಟ್ನಿಯಂತಾಗಿತ್ತು. ಮೂಸಿ ನೋಡಿ ಕೆಳಗೆ ಬಿಟ್ಟರು.

"ಹಮಾರ್ ಭೈಂಸ್ ಈ ನಾ ಖಾಯೀ, ಬಾಬಾ," ಎಂದರು. ನಮ್ಮ ಎಮ್ಮೆ ಇದನ್ನು ತಿನ್ನುವುದಿಲ್ಲ.

ಸಿಟ್ಟಿಲ್ಲ, ಅಳು ಇಲ್ಲ. ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂತಿರುಗಿ ಹೋದರು. ಅಜ್ಜಾರು ಮಷೀನನ್ನು ಹೆಗಲಿನಿಂದ ಇಳಿಸಿ ಬಾವಿಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನ ರೊಟ್ಟಿ ಬಡಿದು ಕೊಟ್ಟೆ, ಒಂದೇ ತಿಂದರು.

"ಹನ್ನೆರಡು ವರ್ಷ ಆ ತಾಯಿ ಕೈಲೇ ತೋಟ ಸ್ವಚ್ಛ ಇತ್ತು," ಎಂದರು. "ಹಾವು ಬರ್ತಾವ ಅಂತ ಮಷೀನು ತಂದ್ವಿ. ಆಕಿ ದಿನಾ ಬರತಿದ್ಲು, ಆಕಿಗೆ ಹಾವಿನ ಭಯ ಇರ್ಲಿಲ್ಲ. ಆಕಿನ್ನ ಒಂದ್ ಮಾತು ಕೇಳಲಿಲ್ಲ ನೋಡು ನಾವು."

ಮರುದಿನ ಅವರು ತಾವಾಗಿಯೇ ಚಾಚಿಯ ಮನೆಗೆ ಹೋದರಂತೆ. ಹೋಗಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಮುಂದಿನ ವಾರ ನಾನು ಹೋದಾಗ ತೋಟ ಎರಡು ಭಾಗವಾಗಿತ್ತು. ಓಡಾಡುವ ದಾರಿ, ಬಾವಿಯ ಸುತ್ತ, ಗಿಡಗಳ ಬುಡ ಮಷೀನಿಗೆ. ಉಳಿದದ್ದೆಲ್ಲ ಕುಡುಗೋಲಿಗೆ. ಅದರ ಮೇಲೆ ಚಾಚಿಯದೊಂದು ಷರತ್ತು: ಅವರು ಹುಲ್ಲು ಕೊಯ್ದು ಹೊರೆ ಕಟ್ಟುವವರೆಗೆ ಪೆಟ್ರೋಲಿನ ವಾಸನೆ ಆ ಕಡೆ ಸುಳಿಯಬಾರದು. ಅಜ್ಜಾರು ಅದನ್ನು ವ್ರತದಂತೆ ಪಾಲಿಸಿದರು. ಗಾಳಿ ಯಾವ ಕಡೆಗಿದೆ ಎಂದು ಒಂದು ಚಿಟಿಕೆ ವಿಭೂತಿ ಹಾರಿಸಿ ನೋಡಿಯೇ ಎಂಜಿನ್ ಶುರು ಮಾಡುತ್ತಿದ್ದರು.

ಆ ಚಳಿಗಾಲ ಮಷೀನನ್ನು ಎತ್ತಿಡುವಾಗ ತಪ್ಪು ಮಾಡಿದ್ದು ನಾನು. ಕಾರ್ತಿಕ ಕಳೆದು ಹುಲ್ಲು ಬೆಳೆಯುವುದು ನಿಂತ ಮೇಲೆ ಬ್ಯಾಂಕಿನ ಕೆಲಸದ ಗಡಿಬಿಡಿಯಲ್ಲಿ ನಾನು ಹೋಗಲಾಗಲಿಲ್ಲ. "ಹಂಗ ಮೂಲಿಗೆ ಇಡ್ರಿ ಅಜ್ಜಾರ," ಎಂದು ಫೋನಿನಲ್ಲೇ ಹೇಳಿಬಿಟ್ಟೆ. ಅವರು ಹಿಂಡಿಯ ಚೀಲಗಳಿರುವ ಕೋಣೆಯ ಮೂಲೆಯಲ್ಲಿಟ್ಟರು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ಮುಂದಿನ ಆಷಾಢದಲ್ಲಿ ತೆಗೆದು ನೋಡಿದರೆ ಇಲಿಗಳು ಪೆಟ್ರೋಲಿನ ರಬ್ಬರ್ ಕೊಳವೆಯನ್ನು ಕಚ್ಚಿ ತುಂಡು ಮಾಡಿದ್ದವು. ಕಾರ್ಬೋರೇಟರಿನೊಳಗೆ ಪೆಟ್ರೋಲ್ ಒಣಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಬಿಡಬಾರದು. ನನಗೆ ಗೊತ್ತಿದ್ದ ವಿಷಯವೇ. ಮೂರು ಭಾನುವಾರ ಕೂತು ತೊಳೆದೆ.

ಹಾಗೆ ತೊಳೆಯುತ್ತಿರುವಾಗ ಚಾಚಿ ಹುಲ್ಲಿನ ಹೊರೆಯನ್ನು ಪಕ್ಕಕ್ಕಿಟ್ಟು ನಾಲ್ಕು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮೊದಲ ದಿನ ಏನೂ ಕೇಳಲಿಲ್ಲ. ಎರಡನೇ ದಿನ ಪ್ಲಗ್ ತೋರಿಸಿ, "ಈ ಕಾ ಹ?" ಎಂದರು. ಬೆಂಕಿಯ ಕಿಡಿ ಇಲ್ಲಿ ಹುಟ್ಟುತ್ತದೆ ಎಂದು ಹೇಳಿದೆ. ತೆಗೆದುಕೊಂಡು ನೋಡಿ, "ಕರಿ ಹಿಡಿದಿದೆ, ನಮ್ಮ ಒಲೆಯ ಬಾಯಿಯ ಹಾಗೆ," ಎಂದು ಹೇಳಿ ತಮ್ಮ ಸೆರಗಿನ ತುದಿಯಿಂದಲೇ ಒರೆಸಿಕೊಟ್ಟರು. ಮೂರನೇ ದಿನದ ಹೊತ್ತಿಗೆ ಅವರು ಕೂರುತ್ತಿದ್ದ ಜಾಗ ನಮ್ಮ ಚಾಪೆಯಾಗಿತ್ತು.

ಆ ಮಳೆಗಾಲದಲ್ಲೇ ನನ್ನ ಕೈಯಿಂದ ಅನಾಹುತವಾಯಿತು. ಅಜ್ಜಾರ ಬಲ ಭುಜ ನೋಯುತ್ತಿತ್ತು, ಮಷೀನಿನ ಪಟ್ಟಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನಾನೇ ಹಾಕಿಕೊಂಡು ಗಿಡಗಳ ಬುಡ ಸ್ವಚ್ಛ ಮಾಡುತ್ತಿದ್ದೆ. ನಲವತ್ತು ಬಿಲ್ವಗಳಲ್ಲಿ ಒಂದು ಇನ್ನೂ ಸೊಂಟದೆತ್ತರದ ಸಸಿ. ಅಜ್ಜಾರು ತಮ್ಮ ಹುಟ್ಟೂರಿನ ಗುಡಿಯ ಮರದ ಕಾಯಿ ತರಿಸಿ, ಬೀಜ ಹಾಕಿ ಬೆಳೆಸಿದ್ದು. ಮನೆ ಬಿಟ್ಟು ಬಂದ ಮೇಲೆ ಆ ಊರಿನದೆಂದು ಅವರು ಇಟ್ಟುಕೊಂಡಿದ್ದುದು ಅದೊಂದೇ. ಹುಲ್ಲಿನೊಳಗೆ ಅದರ ಬುಡ ನನಗೆ ಸರಿಯಾಗಿ ಕಾಣಲಿಲ್ಲ. ದಾರ ಚಾಟಿಯಂತೆ ಸುತ್ತಿ ಹೊಡೆಯಿತು. ಒಂದೇ ಕ್ಷಣ. ಎಂಜಿನ್ ಆರಿಸಿ ಬಗ್ಗಿ ನೋಡಿದರೆ ಬುಡದ ಸುತ್ತ ಎರಡು ಬೆರಳಗಲ ತೊಗಟೆ ಇರಲಿಲ್ಲ. ಒಳಗಿನ ಹಸಿ ಬಿಳಿ ಕಾಣುತ್ತಿತ್ತು.

ಅಜ್ಜಾರು ಬಾವಿಯ ಕಡೆಯಿಂದ ನಡೆದು ಬಂದರು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

"ಎಷ್ಟು ಬಳಸಿ ಹೋಗ್ಯಾದ?"

"ಸುತ್ತೂ ಹೋಗೇತ್ರಿ."

ಅವರು ಸಸಿಯ ಪಕ್ಕ ಕುಳಿತು ಆ ಗಾಯದ ಸುತ್ತ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮೊದಲ ಆ ಪಟ್ಟಿ ಬಿಚ್ಚು. ನೀರು ಕುಡಿ ಹೋಗು," ಎಂದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಬಾವಿಯ ಹತ್ತಿರ ಹೋಗಿ ಅತ್ತೆ.

ಅಷ್ಟರಲ್ಲಿ ಚಾಚಿ ಬೇಲಿ ದಾಟಿ ಬಂದಿದ್ದರು. ಯಾರನ್ನೂ ಏನೂ ಕೇಳದೆ ಮನೆಗೆ ಹೋಗಿ ಹಸಿ ಸಗಣಿ ತಂದರು, ಬಾವಿಯ ಬದಿಯ ಜೇಡಿಮಣ್ಣು ಕಲಸಿದರು, ಗಾಯದ ಸುತ್ತ ದಪ್ಪಗೆ ಮೆತ್ತಿ ಹಳೆಯ ಬಟ್ಟೆ ಸುತ್ತಿ ನಾರಿನಿಂದ ಕಟ್ಟಿದರು. ಎದ್ದು ಕೈ ತೊಳೆಯುತ್ತ ಅಜ್ಜಾರಿಗೆ ಹೇಳಿದರು: "ಬಾಬಾ, ಸುಳ್ಳು ಯಾಕೆ ಹೇಳಲಿ, ಮೇಲಿನದು ಹೋಗುತ್ತದೆ. ಬೇರು ಗಟ್ಟಿ ಇದೆ. ಬಂದರೆ ಕೆಳಗಿನಿಂದ ಬರುತ್ತದೆ."

ಅದಾದ ಮೇಲೆ ಎರಡು ಭಾನುವಾರ ನಾನು ತೋಟದ ಕಡೆ ಹೋಗಲಿಲ್ಲ. ಮೂರನೇ ಶನಿವಾರ ಅಜ್ಜಾರ ಫೋನು ಬಂತು. "ಕಾರ್ಬೋರೇಟರ್ ಕಟ್ಟ್ಯಾದ ತಂಗಿ. ನಾಳೆ ಬಂದು ನೋಡಿದ್ರ ಚಲೋ ಆಗ್ತದ."

ಹೋದೆ. ಹಗ್ಗ ಎಳೆದೆ, ಎರಡನೇ ಎಳೆತಕ್ಕೆ ಎಂಜಿನ್ ಹಿಡಿಯಿತು. ಏನೂ ಕಟ್ಟಿರಲಿಲ್ಲ.

"ಅಜ್ಜಾರ, ಇದು ಚಲೋ ಐತಲ್ರಿ."

"ಹೌದೇನು," ಎಂದರು ಅವರು, ನನ್ನ ಕಡೆ ನೋಡದೆ. "ನಿನ್ನಿ ಕಟ್ಟಿತ್ತು. ಬಾ, ರೊಟ್ಟಿ ಆರ್ತಾವ."

ಊಟವಾದ ಮೇಲೆ ತೋಟದಲ್ಲಿ ನಡೆದು ನೋಡಿದೆ. ಆ ಎರಡು ವಾರಗಳಲ್ಲಿ ಅಜ್ಜಾರೂ ಚಾಚಿಯೂ ಹಳೆ ಎಣ್ಣೆ ಡಬ್ಬಿಗಳನ್ನು ಸೀಳಿ, ಅಂಚು ಮಡಚಿ, ನಲವತ್ತು ಗಿಡಗಳ ಬುಡಕ್ಕೂ ತಗಡಿನ ಕವಚ ಮಾಡಿಹಾಕಿದ್ದರು. ಇನ್ನು ಯಾರ ಕೈ ತಪ್ಪಿದರೂ ದಾರ ತಗಡಿಗೆ ಬಡಿಯುತ್ತದೆ, ತೊಗಟೆಗಲ್ಲ. ಸಸಿಯ ಮೇಲಿನ ಎಲೆಗಳು ಆಗಲೇ ಹಳದಿಯಾಗಿದ್ದವು.

ಆ ಭಾನುವಾರವೇ ಚಾಚಿ ನನ್ನನ್ನು ಕೇಳಿದರು: "ಬಿಟಿಯಾ, ಬಾಬಾನ ಭುಜ ಹೋಗಿದೆ. ನೀನು ವಾರಕ್ಕೊಮ್ಮೆ ಬರುವವಳು. ನಡುವೆ ಇದನ್ನು ಯಾರು ಓಡಿಸುತ್ತಾರೆ?"

"ನೀವು ಓಡಿಸುತ್ತೀರಾ?" ಎಂದೆ.

"ಅದಕ್ಕೇ ಕೇಳಿದ್ದು."

ಸೀರೆಯನ್ನು ಕಚ್ಚೆ ಹಾಕಿ, ಗಂಡನ ಹಳೆ ಬೂಟು ಮೆಟ್ಟಿ, ಅಜ್ಜಾರು ತಂದುಕೊಟ್ಟ ಕನ್ನಡಕ ಏರಿಸಿ ಚಾಚಿ ಮೊದಲ ದಿನ ಪಟ್ಟಿ ಹಾಕಿಕೊಂಡಾಗ ಬೇಲಿಯಾಚೆ ಹತ್ತು ಜನ ಸೇರಿದ್ದರು. ಯಾರೋ ನಕ್ಕರು. ಚಾಚಿ ಎಂಜಿನ್ ಶುರು ಮಾಡಿ ಬೇಲಿಯ ಅಂಚಿಗೇ ಬಂದರು. ಹುಲ್ಲಿನ ಚೂರು ಮುಖಕ್ಕೆ ರಾಚಿದ ಮೇಲೆ ನಗುವವರು ಚದುರಿದರು. ನನ್ನ ಕೈಗಿಂತ ಅವರ ಕೈ ನಿಧಾನ, ಹಾಗಾಗಿ ನನಗಿಂತ ಚೆನ್ನ. ಕುಡುಗೋಲಿನ ಅಭ್ಯಾಸದಿಂದ ಬಂದ ಒಂದು ಬೀಸು ಅವರಲ್ಲಿತ್ತು. ಮಷೀನಿನ ಎಲ್ಲ ಜವಾಬ್ದಾರಿ ಮೆಲ್ಲಗೆ ಅವರದಾಯಿತು. ಎಮ್ಮೆಗಳ ಹುಲ್ಲನ್ನು ಮಾತ್ರ ಅವರು ಕೊನೆಯವರೆಗೂ ಕುಡುಗೋಲಿನಿಂದಲೇ ಕೊಯ್ದರು.

ಆ ಸಲದ ಚಳಿಗಾಲಕ್ಕೆ ಮಷೀನನ್ನು ಎತ್ತಿಡುವ ಕೆಲಸಕ್ಕೆ ಒಂದು ಇಡೀ ಭಾನುವಾರ ತೆಗೆದಿಟ್ಟೆ. ಬೆಳಗಿನ ಮಂಜು ಕರಗಿ ಬಿಸಿಲು ಬರುವವರೆಗೆ ಕಾದು, ಮೂವರೂ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತೆವು. ಟ್ಯಾಂಕಿನ ಪೆಟ್ರೋಲನ್ನು ಡಬ್ಬಿಗೆ ಬಗ್ಗಿಸಿದೆವು. ಎಂಜಿನ್ ಶುರು ಮಾಡಿ, ಕೊಳವೆಯಲ್ಲಿ ಉಳಿದದ್ದೆಲ್ಲ ಉರಿದು ಅದು ತಾನಾಗಿ ನಿಲ್ಲುವವರೆಗೆ ಬಿಟ್ಟೆವು. ಪ್ಲಗ್ ತೆಗೆದು ಆ ತೂತಿನಲ್ಲಿ ಅಜ್ಜಾರು ನಾಲ್ಕು ಹನಿ ಎಣ್ಣೆ ಬಿಟ್ಟರು, ಚಾಚಿ ಎರಡು ಸಲ ಹಗ್ಗವನ್ನು ನಿಧಾನವಾಗಿ ಎಳೆದರು, ಎಣ್ಣೆ ಒಳಗೆಲ್ಲ ಹರಡಲೆಂದು. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು ಬೇಲಿಯ ಮೇಲೆ ಒಣಹಾಕಿದೆವು. ದಾರ ತಿರುಗುವ ತಲೆಯ ಭಾಗಕ್ಕೆ ಒತ್ತಿ ಕೂತಿದ್ದ ಒಣಹುಲ್ಲನ್ನು ಚಾಚಿ ಬೇವಿನಕಡ್ಡಿಯಿಂದ ಕೆದಕಿ ತೆಗೆದರು.

ಅಜ್ಜಾರು ಗೇರಿಗೆ ಗ್ರೀಸ್ ತುಂಬುತ್ತಿದ್ದರು. ಹಿಂದಿನ ದಿನವಷ್ಟೇ ಅವರು ಹಾವೇರಿ ಕಡೆಯ ಒಂದು ಮನೆಯವರ ಜೊತೆ ಮಣಿಕರ್ಣಿಕೆಯಲ್ಲಿ ನಿಂತು ಬಂದಿದ್ದರು. ತೀರಿಕೊಂಡವರು ಚಿಕ್ಕ ವಯಸ್ಸಿನವರಂತೆ. ಆ ವಿಷಯ ಅವರಾಗಿಯೇ ತೆಗೆದರು.

"ಎಲ್ಲಾ ಮುಗದ ಮ್ಯಾಲೆ ಕೇಳ್ತಾರ ತಂಗಿ, ಅಜ್ಜಾರ, ಮುಂದೇನು ಅಂತ. ಐವತ್ತು ವರ್ಷ ಆತು, ಎಲ್ಲಾರೂ ಅದನ್ನ ಕೇಳ್ತಾರ. ಏನರ ಹೇಳ್ತೀನಿ. ಆದ್ರ ನನಗೂ ಗೊತ್ತಿಲ್ಲ." ಬೆರಳಿನ ಗ್ರೀಸನ್ನು ಗೇರಿನ ಬಾಯಿಗೆ ಒತ್ತಿ ಸಮ ಮಾಡಿದರು. "ಇಲ್ಲಿ ಕುಂತಾಗ ಮುಂದೇನು ಅಂದ್ರ ಗೊತ್ತಿರ್ತದ. ಗ್ರೀಸ್ ಆತು, ಮುಂದ ಪ್ಲಗ್. ಪ್ಲಗ್ ಆತು, ಮುಂದ ಬಟ್ಟಿ ಸುತ್ತೋದು. ಅದಕ್ಕ ನನಗ ಈ ಕೆಲಸ ಸೇರ್ತದ."

ಕನ್ನಡ ತಿಳಿಯದ ಚಾಚಿ ನನ್ನನ್ನು ನೋಡಿದರು. ನಾನು ಹಿಂದಿಯಲ್ಲಿ ಹೇಳಿದೆ. ಚಾಚಿ ತಲೆಯಾಡಿಸಿ, "ಸರಿಯಾಗಿಯೇ ಹೇಳಿದ್ದಾರೆ," ಎಂದು ಒಣಗಿದ ಸ್ಪಂಜನ್ನು ಅವರ ಕೈಗೆ ಕೊಟ್ಟರು.

ಅಜ್ಜಾರ ಹಳೆಯ ಕಾವಿಬಟ್ಟೆಯಲ್ಲಿ ಎಂಜಿನ್ ಸುತ್ತಿದೆವು. ಇಲಿ ಹತ್ತದಂತೆ, ಹಿಂಡಿಯ ಕೋಣೆ ಬಿಟ್ಟು ಇನ್ನೊಂದು ಕೋಣೆಯ ಗೋಡೆಗೆ ಎರಡು ಗೂಟ ಹೊಡೆದು ಎತ್ತರದಲ್ಲಿ ನೇತುಹಾಕಿದೆವು. ಉಳಿದ ಪೆಟ್ರೋಲನ್ನು ಚಾಚಿ ಹಳ್ಳಿಯಲ್ಲಿ ಹಳೆ ಮೊಪೆಡ್ ಇದ್ದವರಿಗೆ ಕೊಟ್ಟುಬಂದರು. ಎಲ್ಲ ಸರಿಯಾಗಿ ಮಾಡಿದೆವು ಎಂದುಕೊಂಡೆವು.

ಚೈತ್ರದಲ್ಲಿ ಸಸಿಯ ಬುಡದಿಂದ, ಚಾಚಿ ಕಟ್ಟಿದ ಪಟ್ಟಿಗಿಂತ ಕೆಳಗೆ, ಕೆಂಪು ಛಾಯೆಯ ಎರಡು ಚಿಗುರು ಬಂದವು. ಒಣಗಿದ ಮೇಲ್ಭಾಗವನ್ನು ಅಜ್ಜಾರೇ ಕತ್ತರಿಸಿದರು. ಎರಡರಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಚಿವುಟಬೇಕೆಂದು ಚಾಚಿ ಹೇಳಿದರು, ಅಜ್ಜಾರು ಎರಡೂ ಇರಲಿ ಎಂದರು. ಇಬ್ಬರೂ ಒಂದು ವಾರ ಇದೇ ವಾದ ಮಾಡಿದರು. ಎರಡೂ ಉಳಿದವು.

ವೈಶಾಖದಲ್ಲಿ ನನಗೆ ಮತ್ತೆ ವರ್ಗವಾಯಿತು, ದಾವಣಗೆರೆಗೆ. ಹೊರಡುವ ಹಿಂದಿನ ಭಾನುವಾರ ತೋಟಕ್ಕೆ ಹೋದೆ. ಚಾಚಿ ಒಂದು ಡಬ್ಬಿ ತುಪ್ಪ ಕೊಟ್ಟರು. ಅಜ್ಜಾರು, "ನಿಮ್ಮಪ್ಪಗ ನನ್ನ ಶರಣು ಹೇಳು. ಡೀಸೆಲ್ಲಿನ ಮಾತು ಹೇಳ್ಯಾರಲ್ಲ, ಅವರು ನನ್ನ ಗುರುಗಳು," ಎಂದರು. ಆಟೊ ತಿರುಗುವವರೆಗೆ ಇಬ್ಬರೂ ಬೇಲಿಯ ಬಳಿ ನಿಂತಿದ್ದರು.

ಆಷಾಢ ಶುರುವಾಗಿ ಹತ್ತು ದಿನಕ್ಕೆ, ಬ್ಯಾಂಕಿನಲ್ಲಿ ಜನರ ಸಾಲು ಇರುವಾಗಲೇ, ಚಾಚಿಯ ಫೋನು ಬಂತು. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು.

"ಬಿಟಿಯಾ, ಮಷೀನು ಶುರುವಾಗುತ್ತಿಲ್ಲ."

ನಾನು ಎದ್ದು ಹೊರಗೆ ಬಂದೆ. "ಹೊಸ ಪೆಟ್ರೋಲ್ ಹಾಕಿದಿರಾ?"

"ಹಾಕಿದೆ. ಎರಡೂವರೆ ಮುಚ್ಚಳ ಎಣ್ಣೆಯೂ ಹಾಕಿದೆ. ಪ್ಲಗ್ ತೆಗೆದು ನೋಡಿದೆ, ಕಿಡಿ ಬರುತ್ತಿದೆ. ಪೆಟ್ರೋಲ್ ಮೇಲೇರುತ್ತಿದೆ. ಸ್ಪಂಜು ಸ್ವಚ್ಛ ಇದೆ." ಒಂದು ಕ್ಷಣ ತಡೆದು ಹೇಳಿದರು, "ಆಮೇಲೆ ಹೊಗೆ ಬಿಡುವ ತೂತಿನೊಳಗೆ ಕಡ್ಡಿ ಹಾಕಿ ನೋಡಿದೆ. ಮಣ್ಣು."

ಚಳಿಗಾಲಕ್ಕೆ ಎತ್ತಿಡುವಾಗ ಸೈಲೆನ್ಸರಿನ ಬಾಯಿಗೆ ಒಂದು ಚಿಂದಿ ತುರುಕಬೇಕಿತ್ತು. ನನಗೆ ಹೊಳೆದಿರಲಿಲ್ಲ. ಕಣಜವೊಂದು ಬಂದು ಅದರೊಳಗೆ ಮಣ್ಣಿನ ಗೂಡು ಕಟ್ಟಿತ್ತು.

"ಸರಿ ಮತ್ತೆ," ಎಂದೆ. "ನೀವೇ ಕಂಡುಹಿಡಿದಿದ್ದೀರಿ. ಸೈಲೆನ್ಸರ್ ಬಿಚ್ಚಿ ಗೂಡು ಒಡೆದು ತೆಗೆಯಿರಿ, ಹತ್ತು ನಿಮಿಷದ ಕೆಲಸ."

"ಅದಕ್ಕೇ ಫೋನು ಮಾಡಿದ್ದು. ಬಾಬಾ ಬಿಡುತ್ತಿಲ್ಲ."

ಫೋನು ಅಜ್ಜಾರ ಕೈಗೆ ಹೋಯಿತು. "ತಂಗಿ, ಒಳಗ ಮರಿ ಅದಾವ," ಎಂದರು. "ಗೂಡಿನ ಬಾಯಿ ಇನ್ನೂ ಮುಚ್ಚ್ಯಾದ. ಅವು ಹೊರಗ ಬರೂತನ ಇರಲಿ ಬಿಡು. ಹುಲ್ಲು ಎಲ್ಲಿಗೆ ಓಡಿ ಹೋಗ್ತದ."

"ಅಜ್ಜಾರ, ಅದು ಕಣಜರಿ. ಕಡೀತೇತಿ."

"ಕಡದ್ರ ನನಗ ಕಡೀತದ. ಆ ತಾಯಿಗೆ ಸ್ವಲ್ಪ ನೀ ತಿಳಿಸಿ ಹೇಳು."

ನಾನು ತಿಳಿಸಿ ಹೇಳಿದೆ. ಚಾಚಿ ಎಲ್ಲ ಕೇಳಿಸಿಕೊಂಡು, "ನೀನೂ ಅವರ ಕಡೆಯೇ," ಎಂದು ಫೋನು ಇಟ್ಟರು.

ಮೂರು ವಾರ ಆ ತೋಟದಲ್ಲಿ ಮಷೀನು ಓಡಲಿಲ್ಲ. ಚಾಚಿ ದಾರಿಯ ಹುಲ್ಲನ್ನೂ ಬಾವಿಯ ಸುತ್ತಲಿನದನ್ನೂ ಕುಡುಗೋಲಿನಿಂದಲೇ ಕೊಯ್ದರು. ಎರಡೂ ಎಮ್ಮೆಗಳು ಹಿಂದೆಂದೂ ಇಷ್ಟು ಹಾಲು ಕೊಟ್ಟಿರಲಿಲ್ಲ ಎಂದು ಆಮೇಲೆ ಒಪ್ಪಿಕೊಂಡರು. ಒಂದು ಮಧ್ಯಾಹ್ನ ಮತ್ತೆ ಫೋನು ಮಾಡಿ, ಕಣಜಗಳು ಹಾರಿಹೋದವು, ಸೈಲೆನ್ಸರ್ ಬಿಚ್ಚಿ ತೊಳೆದಿದ್ದೇನೆ, ಮೂರನೇ ಎಳೆತಕ್ಕೆ ಎಂಜಿನ್ ಹಿಡಿಯಿತು ಎಂದರು. ಅಜ್ಜಾರು ಎಲ್ಲಿ ಎಂದು ಕೇಳಿದೆ.

"ಇಲ್ಲೇ ಇದ್ದಾರೆ," ಎಂದರು ಚಾಚಿ. "ಬಾಗಿಲ ಮೇಲೆ ಒಂದು ಖಾಲಿ ಮಡಕೆ ಕಟ್ಟುತ್ತಿದ್ದಾರೆ. ಮುಂದಿನ ವರ್ಷ ಕಣಜ ಬಂದರೆ ಅದರಲ್ಲಿ ಗೂಡು ಕಟ್ಟಲಿ ಅಂತ."